ಸ್ಟ್ಯಾಕ್ ಎಲ್ಲಿ ತಪ್ಪಿತು? ಫೋರ್ತ್ ಕಲಿಯುವವರಿಗೊಂದು ದೋಷ ನಿವಾರಣೆ ಕೈಪಿಡಿ

ಫೋರ್ತ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರರ್ ಕಾಣಿಸಿಕೊಂಡ ಜಾಗದಲ್ಲೇ ತಪ್ಪು ಇರುವುದು ಅಪರೂಪ. ಯಾವುದೋ ಒಂದು ಪದ (ಫೋರ್ತ್‌ನಲ್ಲಿ ಪ್ರತಿ ಆದೇಶವೂ ಒಂದು ಪದ) ಸ್ಟ್ಯಾಕ್‌ನಿಂದ, ಅಂದರೆ ಸಂಖ್ಯೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗದಿಂದ, ಒಂದು ಸಂಖ್ಯೆಯನ್ನು ಹೆಚ್ಚಿಗೆ ತೆಗೆದುಕೊಳ್ಳುತ್ತದೆ, ಇಲ್ಲವೇ ಒಂದನ್ನು ಹಾಗೇ ಬಿಟ್ಟು ಹೋಗುತ್ತದೆ. ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಅದಾದ ಮೇಲೆ ಬರುವ ಪದವೋ, ಅದರಾಚೆಯದೋ ತನ್ನದಲ್ಲದ ಸಂಖ್ಯೆಯನ್ನು ಎತ್ತಿಕೊಂಡು ಲೆಕ್ಕ ಕೆಡಿಸುತ್ತದೆ, ಮತ್ತು ಎರರ್‌ನಲ್ಲಿ ಅದರ ಹೆಸರೇ ಬರುತ್ತದೆ. ಹೊಸಬರು ಆ ಹೆಸರನ್ನು ನಂಬಿ ಸರಿಯಾಗೇ ಇರುವ ಪದವನ್ನು ಗಂಟೆಗಟ್ಟಲೆ ತಿದ್ದುತ್ತಾ ಕೂರುತ್ತಾರೆ. ಈ ಕೈಪಿಡಿಯನ್ನು ಬರೆಯಲು ಕೂತದ್ದೇ ಆ ಗಂಟೆಗಳು ಉಳಿಯಲಿ ಎಂದು.

ಬೇರೆ ಭಾಷೆಗಳಲ್ಲಿ ಪ್ರತಿ ಫಂಕ್ಷನ್‌ಗೂ ತನ್ನದೇ ಬೇಲಿ ಇರುತ್ತದೆ: ಇಷ್ಟು ಒಳಗೆ ಬರಬೇಕು, ಇಷ್ಟು ಹೊರಗೆ ಹೋಗಬೇಕು ಎಂದು ಕಂಪೈಲರ್ ಎಣಿಸುತ್ತದೆ. ಫೋರ್ತ್‌ನಲ್ಲಿ ಎಲ್ಲ ಪದಗಳಿಗೂ ಸೇರಿ ಒಂದೇ ಸ್ಟ್ಯಾಕ್, ಬೇಲಿ ಇಲ್ಲ. ಚಾರ್ಲ್ಸ್ ಮೂರ್ 1960ರ ದಶಕದ ಕೊನೆಯ ವರ್ಷಗಳಲ್ಲಿ ಈ ಭಾಷೆಯನ್ನು ಕಟ್ಟಿದ್ದು ಬಹಳ ಚಿಕ್ಕ ಯಂತ್ರಗಳಿಗಾಗಿ. ಪ್ರತಿ ಹೆಜ್ಜೆಗೂ ಕಾವಲು ಇಡುವಷ್ಟು ಮೆಮೊರಿಯೂ ಇರಲಿಲ್ಲ, ವೇಗವೂ ಇರಲಿಲ್ಲ. ಇವತ್ತಿಗೂ ಎಷ್ಟೋ ಫೋರ್ತ್‌ಗಳು ಸ್ಟ್ಯಾಕ್ ತಳ ದಾಟಿತೇ ಎಂದು ನೋಡುವುದು ಟರ್ಮಿನಲ್‌ನಲ್ಲಿ ಕೊಟ್ಟ ಪದ ಪೂರ್ತಿ ಓಡಿ ಮುಗಿದ ಮೇಲೆ ಮಾತ್ರ. ನಡುವೆ ತಳ ದಾಟಿ ಮತ್ತೆ ಮೇಲೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಪದದ ಪಕ್ಕದಲ್ಲಿ ನಾವು ಬರೆಯುವ ( ಒಳಗೆ -- ಹೊರಗೆ ) ಎಂಬ ಟಿಪ್ಪಣಿಯನ್ನು ಯಂತ್ರ ಓದುವುದೇ ಇಲ್ಲ. ಅದನ್ನು ಪಾಲಿಸುವ ಹೊಣೆ ಪೂರ್ತಿ ನಮ್ಮದು, ಹುಡುಕಾಟದಲ್ಲಿ ನಮಗಿರುವ ಮುಖ್ಯ ಆಧಾರವೂ ಅದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋರ್ತ್ ಪದಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ: ಡೂಪ್, ಸ್ವಾಪ್, ಡ್ರಾಪ್, ಇಫ್, ದೆನ್, .ಎಸ್, >ಆರ್. ಕೀಬೋರ್ಡ್‌ನಲ್ಲಿ ಅವನ್ನು ಇಂಗ್ಲಿಷ್ ಕಾಗುಣಿತದಲ್ಲೇ ಒತ್ತಬೇಕು.

ಮೊದಲು ನೋಡಬೇಕಾದ್ದು

ಎರರ್ ಬಂದ ತಕ್ಷಣ ಕೋಡ್ ತೆರೆಯಬೇಡಿ. ಮೊದಲು .ಎಸ್ ಒತ್ತಿ. ಅದು ಸ್ಟ್ಯಾಕ್ ಅನ್ನು ಮುಟ್ಟದೆ ಏನಿದೆ ಎಂದು ತೋರಿಸುತ್ತದೆ. ಕಂಪ್ಯೂಟರ್‌ನಲ್ಲಿ ಓಡುವ ಜಿಫೋರ್ತ್ ಎಂಬ ಫೋರ್ತ್‌ನಲ್ಲಿ ಹೀಗೆ ಕಾಣುತ್ತದೆ:

1 2 3 .ಎಸ್
<3> 1 2 3  ಓಕೆ

ಮೊನೆಯಾವರಣದಲ್ಲಿರುವುದು ಎಷ್ಟು ಸಂಖ್ಯೆಗಳಿವೆ ಎಂಬ ಲೆಕ್ಕ. ಬಲತುದಿಯದು ಸ್ಟ್ಯಾಕ್‌ನ ಮೇಲಿನ ಸಂಖ್ಯೆ. ಇದನ್ನು ತಿರುಗಮುರುಗ ಓದಿ ತಾಸುಗಟ್ಟಲೆ ಕಳೆದುಕೊಂಡವರಿದ್ದಾರೆ, ಆದ್ದರಿಂದ ಹೊಸ ಸಿಸ್ಟಮ್‌ನಲ್ಲಿ ಮೊದಲ ದಿನವೇ 1 2 3 ಕೊಟ್ಟು ಯಾವ ಕಡೆ ಮೇಲು ಎಂದು ಖಚಿತಪಡಿಸಿಕೊಳ್ಳಿ. ಬರೀ ಎಣಿಕೆ ಸಾಕಾದರೆ ಡೆಪ್ತ್ ಇದೆ.

ಆದರೆ ಒಂದು ತೊಡಕಿದೆ. ಹಿಡಿಯದೇ ಬಿಟ್ಟ ಎರರ್ ಸಾಮಾನ್ಯವಾಗಿ ಅಬಾರ್ಟ್‌ನಂತೆ (ಎಲ್ಲವನ್ನೂ ನಿಲ್ಲಿಸಿಬಿಡುವ ಪದ) ಮುಗಿಯುತ್ತದೆ, ಅಬಾರ್ಟ್ ಡೇಟಾ ಸ್ಟ್ಯಾಕ್ ಅನ್ನು ಖಾಲಿ ಮಾಡುತ್ತದೆ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೂ ಹೆಚ್ಚುಕಡಿಮೆ ಅದೇ ಗತಿ. ಅಂದರೆ ತಪ್ಪು ನಡೆದ ಜಾಗದ ಗುರುತೆಲ್ಲ ನೀವು ನೋಡುವ ಮುಂಚೆಯೇ ಅಳಿಸಿಹೋಗಿರುತ್ತದೆ. ಆದ್ದರಿಂದ ದೀರ್ಘಕಾಲ ಓಡುವ ಲೂಪ್ ಬರೆಯುವಾಗ ಬಿಗಿನ್ ... ಅಗೇನ್ ಎಂದು ಬರೆಯದೆ ಬಿಗಿನ್ ... ಕೀ? ಅನ್‌ಟಿಲ್ ಎಂದು ಬರೆಯಿರಿ. ಯಾವುದಾದರೂ ಕೀ ಒತ್ತಿದರೆ ಅದು ತಾನಾಗಿ ಮುಗಿಯುತ್ತದೆ, ಸ್ಟ್ಯಾಕ್ ಇದ್ದ ಹಾಗೇ ಕೈಗೆ ಸಿಗುತ್ತದೆ. ಈ ಒಂದು ಅಭ್ಯಾಸದ ಬೆಲೆ ಏನೆಂದು ಸ್ವಲ್ಪ ಮುಂದೆ ತೋರಿಸುತ್ತೇನೆ.

ಎರರ್ ಸಂದೇಶದ ಬದಲು ಬರೀ ಸಂಖ್ಯೆ ಬಂದರೆ ಗಾಬರಿ ಬೇಡ. 1994ರ ಸ್ಟ್ಯಾಂಡರ್ಡ್ ಈ ಸಂಖ್ಯೆಗಳನ್ನು ನಿಗದಿ ಮಾಡಿದೆ. -3 ಎಂದರೆ ಸ್ಟ್ಯಾಕ್ ತುಂಬಿ ಹರಿದಿದೆ, -4 ಎಂದರೆ ತಳ ದಾಟಿದೆ. -9 ಮುಟ್ಟಬಾರದ ಮೆಮೊರಿ ವಿಳಾಸ, -10 ಸೊನ್ನೆಯಿಂದ ಭಾಗಾಕಾರ, -13 ಗೊತ್ತಿಲ್ಲದ ಪದ. -14 ಬಂದರೆ ಇಫ್, ಡು ಥರದ, ವ್ಯಾಖ್ಯೆಯ ಒಳಗೇ ಇರಬೇಕಾದ ಪದವನ್ನು ನೇರ ಟರ್ಮಿನಲ್‌ನಲ್ಲಿ ಕೊಟ್ಟಿದ್ದೀರಿ. -22 ಬಂದರೆ ಇಫ್‌ಗೆ ದೆನ್, ಡುಗೆ ಲೂಪ್ ಜೊತೆಯಾಗಿಲ್ಲ. ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳ ಕೆಲವು ಫೋರ್ತ್‌ಗಳು ಇದನ್ನೂ ಹೇಳದೆ ಪದದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ಮನಾಗುತ್ತವೆ.

ಏನು ಒತ್ತಿದರೂ ಉತ್ತರವೇ ಬರುತ್ತಿಲ್ಲ, ಎರರ್ ಕೂಡ ಇಲ್ಲ ಎಂದಾದರೆ ಸಾಲಿನ ಕೊನೆ ನೋಡಿ. ಜಿಫೋರ್ತ್‌ನಲ್ಲಿ ಓಕೆ ಬರುವ ಜಾಗದಲ್ಲಿ ಕಂಪೈಲ್ಡ್ ಎಂದು ಬರುತ್ತಿದ್ದರೆ ಹಿಂದಿನ ವ್ಯಾಖ್ಯೆಗೆ ; ಹಾಕುವುದು ಮರೆತುಹೋಗಿದೆ (ವ್ಯಾಖ್ಯೆ ಶುರುವಾಗುವುದು : ಎಂಬುದರಿಂದ, ಮುಗಿಯುವುದು ; ಎಂಬುದರಿಂದ). ನೀವು ಒತ್ತುತ್ತಿರುವುದೆಲ್ಲ ಆ ಪದದ ಒಳಗೆ ಸೇರಿಕೊಳ್ಳುತ್ತಿದೆ.

ಸರಾಸರಿ ತಪ್ಪಿದ ಕಥೆ

ನನ್ನ ಮೇಜಿನ ಮೇಲೆ ನಡೆದದ್ದನ್ನೇ ಹೇಳುತ್ತೇನೆ. ಒಂದು ಚಿಕ್ಕ ಬೋರ್ಡ್, ಅದಕ್ಕೊಂದು ಉಷ್ಣಾಂಶದ ಸೆನ್ಸರ್. 16 ರೀಡಿಂಗ್ ತೆಗೆದುಕೊಂಡು ಸರಾಸರಿ ತೋರಿಸಬೇಕು, 0ಯಿಂದ 100ರ ಆಚೆಗಿನ ರೀಡಿಂಗ್ ಬಂದರೆ ಬಿಟ್ಟುಬಿಡಬೇಕು. ಬರೆದದ್ದು ಇಷ್ಟು:

: ಮಿತಿಯೊಳಗೆ? ( ರೀಡಿಂಗ್ -- ರೀಡಿಂಗ್ ಹೌದೋ ) ಡೂಪ್ 0 101 ವಿದಿನ್ ;
: ಸೇರಿಸು ( ಮೊತ್ತ ರೀಡಿಂಗ್ -- ಮೊತ್ತ ) ಮಿತಿಯೊಳಗೆ? ಇಫ್ + ದೆನ್ ;
: ಸರಾಸರಿ ( -- ಎನ್ ) 0 16 0 ಡು ಸೆನ್ಸರ್ ಸೇರಿಸು ಲೂಪ್ 16 / ;

ಡೂಪ್ ಸ್ಟ್ಯಾಕ್‌ನ ಮೇಲಿನ ಸಂಖ್ಯೆಯ ನಕಲು ಮಾಡುತ್ತದೆ, ಡ್ರಾಪ್ ಅದನ್ನು ಎಸೆಯುತ್ತದೆ. ವಿದಿನ್ ಮೇಲಿನ ಮಿತಿಯನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ, ಅದಕ್ಕೇ 101. ಎರಡು ದಿನ ಚೆನ್ನಾಗಿ ಓಡಿತು, 27 ಎಂದು ತೋರಿಸುತ್ತಿತ್ತು. ಮೂರನೆಯ ದಿನ ಒಮ್ಮೆ 41 ಬಂತು, ಒಮ್ಮೆ 15, ಆಗೀಗ 26. ಒಂದೂ ಎರರ್ ಇಲ್ಲ. ಕೆಲವು ಗಂಟೆಗಳಾದ ಮೇಲೆ ಬೋರ್ಡ್ ತಾನೇ ರೀಸೆಟ್ ಆಯಿತು.

ನಾನು ಮೊದಲು ಅನುಮಾನಿಸಿದ್ದು ತಂತಿಯನ್ನು, ಆಮೇಲೆ ಸೆನ್ಸರನ್ನು, ಕೊನೆಗೆ ಪವರ್ ಸಪ್ಲೈಯನ್ನು. ತಂತಿ ನಿಜಕ್ಕೂ ಸಡಿಲವಾಗಿತ್ತು: ಅಲ್ಲಾಡಿದಾಗ ಸೆನ್ಸರ್ 255 ಕೊಡುತ್ತಿತ್ತು. ಬಿಗಿ ಮಾಡಿದೆ, ತೊಂದರೆ ಮಾಯವಾಯಿತು. ಅಲ್ಲಿಗೇ ಬಿಟ್ಟಿದ್ದರೆ ತಪ್ಪು ಇನ್ನೂ ಕೋಡ್‌ನೊಳಗೆ ಕೂತಿರುತ್ತಿತ್ತು. 255ನ್ನು ತಡೆಯಲೆಂದೇ ಮಿತಿ ಬರೆದಿದ್ದೆ, ಅದು ತಡೆಯಬೇಕಿತ್ತಲ್ಲ ಎಂಬ ಪ್ರಶ್ನೆ ಬಿಡಲಿಲ್ಲ. ತಂತಿಯನ್ನು ಮತ್ತೆ ಸಡಿಲ ಮಾಡಿ, ಲೂಪ್‌ಗೆ ಕೀ? ಅನ್‌ಟಿಲ್ ಹಾಕಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದೆ. .ಎಸ್ ಕೊಟ್ಟಾಗ ಬಂದದ್ದು:

<5> 0 243 189 243 81

ಖಾಲಿ ಇರಬೇಕಾದ ಸ್ಟ್ಯಾಕ್‌ನಲ್ಲಿ ಐದು ಸಂಖ್ಯೆ. ಇಲ್ಲಿ ಎಣಿಕೆಗಿಂತ ಆ ಸಂಖ್ಯೆಗಳೇ ಹೆಚ್ಚು ಹೇಳುತ್ತವೆ. 243 ಎಂದರೆ 27ರ ಒಂಬತ್ತು ಪಟ್ಟು, 189 ಏಳು ಪಟ್ಟು, 81 ಮೂರು ಪಟ್ಟು. ಇವು ಕಸವಲ್ಲ, ಅರ್ಧಕ್ಕೆ ಕೈಬಿಟ್ಟ ಮೊತ್ತಗಳು. ಒಂಬತ್ತು ರೀಡಿಂಗ್ ಕೂಡಿಸಿದ ಮೇಲೆ ಯಾರೋ ಮೊತ್ತವನ್ನು ಕೆಳಗೇ ಬಿಟ್ಟು ಹೊಸದನ್ನು ಹಿಡಿದುಕೊಂಡಿದ್ದಾರೆ. ಮೊತ್ತವನ್ನು ಮುಟ್ಟುವ ಪದ ಒಂದೇ, ಸೇರಿಸು. ಸ್ಟ್ಯಾಕ್‌ನಲ್ಲಿ ಉಳಿದ ಸಂಖ್ಯೆ ಎಲ್ಲಿಂದ ಬಂದಿರಬಹುದು ಎಂದು ಕೇಳಿಕೊಳ್ಳುವುದು ನನಗೆ ಗೊತ್ತಿರುವ ಅತ್ಯಂತ ವೇಗದ ಪರೀಕ್ಷೆ. ನೆಟ್ಟಗೆ ಒಂದು ವಿಳಾಸದಂತೆ ಕಾಣುವ ದೊಡ್ಡ ಸಂಖ್ಯೆಯಾದರೆ ಎಲ್ಲೋ @ (ವಿಳಾಸದಲ್ಲಿರುವ ಬೆಲೆಯನ್ನು ತರುವ ಪದ) ಬಿಟ್ಟುಹೋಗಿದೆ, -1 ಅಥವಾ 0 ಆದರೆ ಯಾವುದೋ ಹೋಲಿಕೆಯ ಫಲವನ್ನು ಇಫ್ ತಿನ್ನದೆ ಬಿಟ್ಟಿದೆ ಎಂದು ಊಹಿಸಿ ಹುಡುಕಾಟ ಶುರು ಮಾಡಬಹುದು.

ಅನುಮಾನ ಒಂದು ಪದಕ್ಕೆ ಬಂದು ನಿಂತ ಮೇಲೆ ಅದಕ್ಕೆ ಕೈಯಿಂದ ಊಟ ಹಾಕಿ ನೋಡಬೇಕು. ಪ್ರತಿ ದಾರಿಗೂ ಒಂದೊಂದು ತುತ್ತು:

0 20 ಸೇರಿಸು .ಎಸ್
<1> 20
ಡ್ರಾಪ್ 0 140 ಸೇರಿಸು .ಎಸ್
<2> 0 140

ಎರಡನೆಯದರಲ್ಲಿ ಎಲ್ಲವೂ ಬಯಲು. ಮಿತಿ ಮೀರಿದಾಗ ಇಫ್ ಒಳಗೆ ಹೋಗುವುದಿಲ್ಲ, + ನಡೆಯುವುದಿಲ್ಲ, ಆದರೆ ಡೂಪ್ ಮಾಡಿ ಉಳಿಸಿಕೊಂಡ ರೀಡಿಂಗ್ ಸ್ಟ್ಯಾಕ್ ಮೇಲೇ ಇದೆ. ಬಿಟ್ಟುಬಿಡಬೇಕಿದ್ದ 255 ಮುಂದಿನ ಸುತ್ತಿನಲ್ಲಿ ಮೊತ್ತದ ಪೀಠದಲ್ಲಿ ಕೂರುತ್ತದೆ. ಈಗ 41, 26, 15 ಏಕೆ ಬಂದವು ಎಂದು ಲೆಕ್ಕ ಹಾಕಬಹುದು. ಕೆಟ್ಟ ರೀಡಿಂಗ್ ಮೊದಲನೆಯದಾದರೆ 255ಕ್ಕೆ ಹದಿನೈದು 27 ಸೇರಿ 660, ಭಾಗಿಸಿದರೆ 41. ಹತ್ತನೆಯದಾದರೆ 255ಕ್ಕೆ ಆರು 27 ಸೇರಿ 417, ಅಂದರೆ 26. ಕೊನೆಯದಾದರೆ ಬರೀ 255, ಅಂದರೆ 15. ಇವುಗಳಲ್ಲಿ 26 ನನ್ನನ್ನು ಹೆಚ್ಚು ಹೆದರಿಸಿತು, ಏಕೆಂದರೆ ಅದು ಸರಿಯಾದ ಉತ್ತರದ ಹಾಗೇ ಕಾಣುತ್ತದೆ. ಪ್ರತಿ ಸಲವೂ ಒಂದು ಸೆಲ್ (ಒಂದು ಸಂಖ್ಯೆ ಹಿಡಿಯುವ ಜಾಗ) ಕೆಳಗೆ ಉಳಿದು, ಚಿಕ್ಕ ಬೋರ್ಡ್‌ನ ಸ್ಟ್ಯಾಕ್ ತುಂಬಿ ಪಕ್ಕದ ಮೆಮೊರಿಗೆ ಹರಿದಾಗ ರೀಸೆಟ್.

ತಿದ್ದುಪಡಿ ಒಂದೇ ತುಣುಕು:

: ಸೇರಿಸು ( ಮೊತ್ತ ರೀಡಿಂಗ್ -- ಮೊತ್ತ ) ಮಿತಿಯೊಳಗೆ? ಇಫ್ + ಎಲ್ಸ್ ಡ್ರಾಪ್ ದೆನ್ ;

ಕೆಲವು ರೀಡಿಂಗ್ ಬಿಟ್ಟ ಮೇಲೂ 16ರಿಂದಲೇ ಭಾಗಿಸುವುದು ಇನ್ನೊಂದು ತಪ್ಪು. ಒಪ್ಪಿದವನ್ನು ಬೇರೆ ಎಣಿಸಬೇಕು, ಆ ಎಣಿಕೆ ಸೊನ್ನೆಯಾದರೆ ಭಾಗಿಸಬಾರದು. ಅದು ಲೆಕ್ಕದ ತಪ್ಪು, ಸ್ಟ್ಯಾಕ್‌ನದಲ್ಲ.

ಇಫ್ ಇರುವ ಪ್ರತಿ ಪದದಲ್ಲೂ ಎರಡು ದಾರಿಗಳು ಒಂದೇ ಆಳಕ್ಕೆ ಬಂದು ಸೇರಬೇಕು. ಕಣ್ಣಳತೆ ಸಾಲದು ಎಂದು ಈ ಚಿಕ್ಕ ಪದವನ್ನು ಈಗ ಎಲ್ಲ ಫೈಲಿನಲ್ಲೂ ಇಡುತ್ತೇನೆ:

: ಆಳ? ( ... ಎಕ್ಸ್‌ಟಿ -- ... ) ಡೆಪ್ತ್ 1- >ಆರ್ ಎಕ್ಸಿಕ್ಯೂಟ್ ಡೆಪ್ತ್ ಆರ್> - . ;

' ಎಂಬುದು ಮುಂದಿನ ಪದವನ್ನು ಓಡಿಸದೆ ಅದರ ಗುರುತನ್ನು, ಅಂದರೆ ಎಕ್ಸ್‌ಟಿಯನ್ನು, ಕೊಡುತ್ತದೆ. 70 20 ' ಸೇರಿಸು ಆಳ? ಎಂದು ಕೊಟ್ಟರೆ ಪದ ಸ್ಟ್ಯಾಕ್ ಅನ್ನು ಎಷ್ಟು ಏರಿಸಿತು ಅಥವಾ ಇಳಿಸಿತು ಎಂದು ಹೇಳುತ್ತದೆ. ಎರಡು ತೆಗೆದುಕೊಂಡು ಒಂದು ಕೊಡುವ ಪದಕ್ಕೆ ಯಾವಾಗಲೂ -1 ಬರಬೇಕು. ಹಳೆಯ ಸೇರಿಸುಗೆ 70 140 ಕೊಟ್ಟರೆ 0 ಬರುತ್ತದೆ, ಹೊಸದಕ್ಕೆ -1. ಕೆಳಗೆ ಸ್ಟ್ಯಾಕ್‌ನಲ್ಲಿ ಬೇರೇನೇ ಇದ್ದರೂ ಈ ಉತ್ತರ ಬದಲಾಗುವುದಿಲ್ಲ.

ತಿದ್ದಿದರೂ ತಪ್ಪು ಹೋಗುತ್ತಿಲ್ಲ

ಹೊಸ ಸೇರಿಸುವನ್ನು ಟರ್ಮಿನಲ್‌ನಲ್ಲೇ ಒತ್ತಿದೆ. ಮರುವ್ಯಾಖ್ಯೆ ಆಯಿತು ಎಂದು ಸಿಸ್ಟಮ್ ತಿಳಿಸಿತು. ಆಳ? ಎರಡು ದಾರಿಗೂ -1 ಕೊಟ್ಟಿತು. ಸರಾಸರಿ ಓಡಿಸಿದರೆ ಮತ್ತದೇ 41.

ಇದು ತಾಳ್ಮೆ ಕೆಡಿಸುವ ದೋಷ, ಆದರೆ ಇಲ್ಲಿ ಯಂತ್ರ ಸರಿಯಾಗೇ ನಡೆದುಕೊಂಡಿದೆ. ಸರಾಸರಿ ಕಂಪೈಲ್ ಆದಾಗ ಅದರೊಳಗೆ ಕೂತದ್ದು ಸೇರಿಸು ಎಂಬ ಹೆಸರಲ್ಲ, ಆ ಹೊತ್ತಿಗಿದ್ದ ಸೇರಿಸುವಿನ ವಿಳಾಸ. ಹೊಸ ವ್ಯಾಖ್ಯೆ ಡಿಕ್ಷನರಿಯ (ಪದಗಳ ಪಟ್ಟಿಯ) ತುದಿಯಲ್ಲಿ ಬೇರೆ ಜಾಗದಲ್ಲಿ ಕೂರುತ್ತದೆ. ಹಳೆಯದು ಅಳಿಯುವುದಿಲ್ಲ, ಅದನ್ನು ಹಿಡಿದುಕೊಂಡವರು ಅದನ್ನೇ ಹಿಡಿದಿರುತ್ತಾರೆ. ಟರ್ಮಿನಲ್‌ನಿಂದ ಕರೆದರೆ ಹೊಸದು, ಹಳೆಯ ಪದಗಳ ಒಳಗಿನಿಂದ ಹಳೆಯದು. ಹಾಗಾಗಿ ಒಂದು ಪದ ಬಿಡಿಯಾಗಿ ಸರಿ, ಕೂಡಿಸಿದಾಗ ತಪ್ಪು ಎಂದಾದರೆ ಬೇರೆ ಯಾವುದನ್ನು ಅನುಮಾನಿಸುವ ಮೊದಲೂ ಅದನ್ನು ಬಳಸುವ ಎಲ್ಲ ಪದಗಳನ್ನೂ ಮತ್ತೆ ಕಂಪೈಲ್ ಮಾಡಿ.

ಇದಕ್ಕೆ ನೇರ ಉಪಾಯ ಫೈಲಿನ ಮೊದಲ ಸಾಲಿನಲ್ಲಿ ಮಾರ್ಕರ್ ಹೊಸದಾಗಿ ಎಂಬಂತೆ ಒಂದು ಗುರುತು ನೆಡುವುದು. ತಿದ್ದಿದ ಮೇಲೆ ಹೊಸದಾಗಿ ಎಂದು ಒತ್ತಿದರೆ ಆ ಗುರುತಿನಿಂದೀಚೆ ಬಂದದ್ದೆಲ್ಲ, ಗುರುತೂ ಸೇರಿ, ಮರೆತುಹೋಗುತ್ತದೆ. ಆಮೇಲೆ ಫೈಲ್ ಮತ್ತೆ ಲೋಡ್ ಮಾಡಿ. ಒಂದೇ ಪದವನ್ನು ಪದೇಪದೇ ಬದಲಿಸಿ ನೋಡಬೇಕಾದರೆ ಡಿಫರ್ ಬಳಸಿ, ಈಸ್ ಮೂಲಕ ಬೇಕಾದ ವ್ಯಾಖ್ಯೆಯನ್ನು ಅದಕ್ಕೆ ಕಟ್ಟಿ. ಆಗ ಹಳೆಯ ಪದಗಳೂ ಹೊಸದನ್ನೇ ಕರೆಯುತ್ತವೆ. ಆದರೆ ಎಲ್ಲದಕ್ಕೂ ಡಿಫರ್ ಹಾಕಬೇಡಿ, ಯಾವುದು ಯಾವುದಕ್ಕೆ ಕಟ್ಟಿದೆ ಎಂದು ನೆನಪಿಡುವುದೇ ಹೊಸ ತಲೆನೋವಾಗುತ್ತದೆ.

ಇದೇ ನಿಯಮದ ಇನ್ನೊಂದು ಮುಖ: ಪದ ತನ್ನೊಳಗೆ ತನ್ನ ಹೆಸರನ್ನೇ ಕರೆದರೆ ಗೊತ್ತಿಲ್ಲದ ಪದ ಎಂದು ಬರುತ್ತದೆ, ಇಲ್ಲವೇ ಅದೇ ಹೆಸರಿನ ಹಳೆಯ ಪದ ಓಡುತ್ತದೆ. ತನ್ನನ್ನು ತಾನು ಕರೆಯಲು ರಿಕರ್ಸ್ ಎಂದೇ ಬರೆಯಬೇಕು.

ಇರುವ ಪದವನ್ನೇ ಇಲ್ಲ ಎನ್ನುತ್ತದೆ

ಫೋರ್ತ್‌ಗೆ ವ್ಯಾಕರಣ ಎಂಬುದು ಹೆಚ್ಚುಕಡಿಮೆ ಒಂದೇ: ಖಾಲಿ ಜಾಗದಿಂದ ಖಾಲಿ ಜಾಗದವರೆಗೆ ಇರುವುದು ಒಂದು ಪದ. ( ಕೂಡ ಒಂದು ಪದ, ಆದ್ದರಿಂದ ಅದರ ಮುಂದೆ ಜಾಗ ಬಿಡದೆ (ಎನ್ ಎಂದು ಬರೆದರೆ ಅದು ಟಿಪ್ಪಣಿಯಲ್ಲ, ಗೊತ್ತಿಲ್ಲದ ಪದ. \ ಮತ್ತು ." ಕೂಡ ಹಾಗೇ. +. ಎಂದು ಕೂಡಿಸಿ ಬರೆದರೆ ಅಂಥ ಪದವಿಲ್ಲ. ಇನ್ನೂ ಮೋಸದ್ದು 7. ಎಂಬುದು. 7 . ಎಂದು ಬಿಡಿಸಿ ಬರೆದರೆ 7 ಮುದ್ರಣವಾಗುತ್ತದೆ. ಕೂಡಿಸಿ ಬರೆದರೆ ಅದು ಎರಡು ಸೆಲ್ ಹಿಡಿಯುವ ಡಬಲ್ ಸಂಖ್ಯೆ: ಸ್ಟ್ಯಾಕ್ ಮೇಲೆ 7 ಮತ್ತು 0 ಸದ್ದಿಲ್ಲದೆ ಕೂರುತ್ತವೆ, ಮುದ್ರಣವಿಲ್ಲ, ಎರರ್ ಇಲ್ಲ. ಕಾರಣವಿಲ್ಲದೆ ಒಂದು 0 ಮೇಲೆ ಕಂಡರೆ ಇದನ್ನೂ ನೆನಪಿಸಿಕೊಳ್ಳಿ.

ವೆಬ್ ಪುಟದಿಂದ ಕೋಡ್ ನಕಲು ಮಾಡಿದಾಗ ಖಾಲಿ ಜಾಗದ ವೇಷದಲ್ಲಿ ಒಡೆಯದ ಸ್ಪೇಸ್ ಎಂಬ ಬೇರೆಯೇ ಅಕ್ಷರ ಬರುತ್ತದೆ. ಕಣ್ಣಿಗೆ ಜಾಗ, ಫೋರ್ತ್‌ಗೆ ಪದದ ಭಾಗ. ಡೂಪ್ * ಎಂಬುದು ಒಂದೇ ಉದ್ದದ ಅಪರಿಚಿತ ಪದವಾಗುತ್ತದೆ. ಆ ಸಾಲನ್ನು ಅಳಿಸಿ ಕೈಯಾರೆ ಒತ್ತುವುದೇ ಬೇಗದ ದಾರಿ.

ಕನ್ನಡದಲ್ಲಿ ಪದಗಳಿಗೆ ಹೆಸರಿಡುವವರಿಗೆ, ನಾನೂ ಅವರಲ್ಲೊಬ್ಬ, ಇಲ್ಲಿ ಇನ್ನೂ ಎರಡು ಎಚ್ಚರ ಬೇಕು. ಜಿಫೋರ್ತ್‌ನಂಥ ಯುಟಿಎಫ್-8 ಬಲ್ಲ ಸಿಸ್ಟಮ್‌ನಲ್ಲಿ ಕನ್ನಡದ ಹೆಸರು ಸಲೀಸಾಗಿ ನಡೆಯುತ್ತದೆ. ಆದರೆ ಫೋರ್ತ್ ಹೆಸರನ್ನು ಹೋಲಿಸುವುದು ಬೈಟ್ ಲೆಕ್ಕದಲ್ಲಿ, ನಮ್ಮ ಕಣ್ಣಿನ ಲೆಕ್ಕದಲ್ಲಲ್ಲ. ಸೆನ್ಸರ್ಓದು ಎಂಬ ಹೆಸರನ್ನು ತೆಗೆದುಕೊಳ್ಳಿ. ರ್ ಮತ್ತು ಓ ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಾಣದ ಅಕ್ಷರ ಇದ್ದರೂ ಇಲ್ಲದಿದ್ದರೂ ತೆರೆಯ ಮೇಲೆ ರೂಪ ಒಂದೇ. ಒಂದು ಕೀಬೋರ್ಡ್ ಅದನ್ನು ಸೇರಿಸಿತು, ಇನ್ನೊಂದು ಸೇರಿಸಲಿಲ್ಲ ಎಂದರೆ ಎರಡು ಬೇರೆ ಪದಗಳಾದವು. ಓತ್ವದ ಚಿಹ್ನೆಯನ್ನು ಇಡಿಯಾಗಿ ಒಂದೇ ಅಕ್ಷರವಾಗಿಯೂ, ಒತ್ವದ ಚಿಹ್ನೆ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ದಾಖಲಿಸಬಹುದು. ಅಲ್ಲೂ ಇದೇ ಪಾಡು. ಪತ್ತೆಗೆ ಉದ್ದ ಅಳೆಯಿರಿ:

ಎಸ್" ಸೆನ್ಸರ್ಓದು" ನಿಪ್ .

30 ಬಂದರೆ ಹತ್ತು ಅಕ್ಷರಸಂಕೇತ, ತಲಾ ಮೂರು ಬೈಟ್. 33 ಬಂದರೆ ಕಾಣದ ಅಕ್ಷರವೊಂದು ಒಳಗಿದೆ. ಇನ್ನೊಂದು ಎಚ್ಚರ ಈ ಸಂಖ್ಯೆಯಲ್ಲೇ ಇದೆ. ಸ್ಟ್ಯಾಂಡರ್ಡ್ ಪ್ರಕಾರ ಫೋರ್ತ್ ಹೆಸರಿಗೆ 31 ಅಕ್ಷರದವರೆಗಾದರೂ ಜಾಗ ಕೊಡಬೇಕು, ಚಿಕ್ಕ ಸಿಸ್ಟಮ್‌ಗಳು ಅಷ್ಟಕ್ಕೇ ನಿಲ್ಲುತ್ತವೆ, ಅದೂ ಬೈಟ್ ಲೆಕ್ಕದಲ್ಲಿ. ಅಂದರೆ ಕನ್ನಡಕ್ಕೆ ಹತ್ತು ಸಂಕೇತ ಮಾತ್ರ. ಅದನ್ನು ಮೀರಿದರೆ ಹೆಸರು ಉದ್ದವಾಯಿತು ಎಂಬ -19 ಬರಬಹುದು, ಅಥವಾ ತುದಿ ಕತ್ತರಿಸಿಹೋಗಿ ಎರಡು ಹೆಸರು ಒಂದಾಗಬಹುದು. ಈ ಜಿಪುಣತನ ಭಾಷೆಗೆ ಹುಟ್ಟಿನಿಂದಲೇ ಬಂದದ್ದು. ಐಬಿಎಂ 1130 ಯಂತ್ರ ಐದಕ್ಷರಕ್ಕಿಂತ ಉದ್ದದ ಹೆಸರನ್ನು ಒಪ್ಪದ್ದರಿಂದ, ನಾಲ್ಕನೆಯದು ಎಂಬರ್ಥದ ಇಂಗ್ಲಿಷ್ ಪದ ಒಂದಕ್ಷರ ಕಳೆದುಕೊಂಡು ಈ ಭಾಷೆಯ ಹೆಸರಾಯಿತು. ಆರಂಭದ ಫೋರ್ತ್‌ಗಳು ಪ್ರತಿ ಹೆಸರಿನ ಮೊದಲ ಮೂರು ಅಕ್ಷರ ಮತ್ತು ಉದ್ದವನ್ನಷ್ಟೇ ನೆನಪಿಡುತ್ತಿದ್ದವು.

ಕೋಡ್‌ನಲ್ಲಿ ಎಲ್ಲ ಸರಿಯಿದೆ, ಬೋರ್ಡ್‌ಗೆ ಕಳಿಸಿದಾಗ ಮಾತ್ರ ಗೊತ್ತಿಲ್ಲದ ಪದ, ಅದೂ ಒಂದೊಂದು ಸಲ ಒಂದೊಂದು ಹೆಸರು ಎಂದಾದರೆ ದೋಷ ಸೀರಿಯಲ್ ದಾರಿಯಲ್ಲಿದೆ. ಬೋರ್ಡ್ ಒಂದು ಸಾಲನ್ನು ಕಂಪೈಲ್ ಮಾಡುತ್ತಿರುವಾಗಲೇ ಮುಂದಿನ ಸಾಲಿನ ಅಕ್ಷರಗಳು ಬಂದು ಉದುರಿಹೋಗುತ್ತಿವೆ. ಟರ್ಮಿನಲ್ ಪ್ರೋಗ್ರಾಂನಲ್ಲಿ ಸಾಲಿನ ಕೊನೆಗೆ ತುಸು ವಿರಾಮ ಕೊಡಿ, ಇಲ್ಲವೇ ಓಕೆ ಬರುವವರೆಗೆ ಕಾಯುವಂತೆ ಮಾಡಿ. ಪ್ರತಿ ಸಲವೂ ಅದೇ ಹೆಸರು ಬಂದರೆ ತಪ್ಪು ಕೋಡ್‌ನಲ್ಲೇ ಇದೆ.

ಪದ ಮುಗಿಯುವಾಗ ಸಾಯುತ್ತದೆ

ಇದು ರಿಟರ್ನ್ ಸ್ಟ್ಯಾಕ್‌ನ ಕೆಲಸ. ಒಂದು ಪದ ಮುಗಿದ ಮೇಲೆ ಎಲ್ಲಿಗೆ ಹಿಂದಿರುಗಬೇಕು ಎಂಬ ವಿಳಾಸ ಅಲ್ಲಿರುತ್ತದೆ. ನಾವು >ಆರ್ ಎಂದು ಸಂಖ್ಯೆಯೊಂದನ್ನು ಅಲ್ಲಿ ಅಡಗಿಸಿಟ್ಟು ಆರ್> ಎಂದು ವಾಪಸ್ ತೆಗೆಯದಿದ್ದರೆ, ; ಬಂದಾಗ ಯಂತ್ರ ಆ ಸಂಖ್ಯೆಯನ್ನೇ ವಿಳಾಸ ಎಂದು ನಂಬಿ ಅಲ್ಲಿಗೆ ಜಿಗಿಯುತ್ತದೆ. ಕಂಪ್ಯೂಟರ್‌ನಲ್ಲಿ ಎರರ್ ಬರುತ್ತದೆ, ಬೋರ್ಡ್ ಸ್ತಬ್ಧವಾಗುತ್ತದೆ. ಪತ್ತೆ ಸುಲಭ: ಅನುಮಾನದ ಪದದಲ್ಲಿ ; ಗಿಂತ ಮುಂಚೆ ." ಮುಗಿಯಿತು" ಹಾಕಿ. ಆ ಮಾತು ತೆರೆಗೆ ಬಂದ ಮೇಲೆ ಸತ್ತರೆ >ಆರ್ ಮತ್ತು ಆರ್> ಎಣಿಸಿ. ಇಫ್‌ನ ಒಂದು ದಾರಿಯಲ್ಲಿ ಮಾತ್ರ ಆರ್> ಇದೆಯೇ ಎಂದೂ ನೋಡಿ.

ಡು ಲೂಪ್ ಕೂಡ ತನ್ನ ಎಣಿಕೆಯನ್ನು ಸಾಮಾನ್ಯವಾಗಿ ಅಲ್ಲೇ ಇಡುತ್ತದೆ. ಲೂಪ್ ಶುರುವಾಗುವ ಮುನ್ನ >ಆರ್ ಮಾಡಿ ಒಳಗೆ ಆರ್@ ಎಂದರೆ ನಿಮ್ಮ ಸಂಖ್ಯೆ ಸಿಗುವುದಿಲ್ಲ, ಲೂಪ್‌ನ ಒಳಲೆಕ್ಕ ಸಿಗುತ್ತದೆ. ಲೂಪ್ ನಡುವಿನಿಂದ ಎಕ್ಸಿಟ್ ಆಗಬೇಕಾದರೆ ಮೊದಲು ಅನ್‌ಲೂಪ್ ಬೇಕು. ಇನ್ನು 0 0 ಡು ಒಮ್ಮೆಯೂ ಓಡುವುದಿಲ್ಲ ಎಂದು ಅಂದುಕೊಂಡರೆ ತಪ್ಪು. ಅದು ಪೂರ್ತಿ ಸುತ್ತು ಹಾಕಿ ಬರುತ್ತದೆ: 16 ಬಿಟ್ ಯಂತ್ರದಲ್ಲಿ 65536 ಸಲ, 64 ಬಿಟ್‌ನಲ್ಲಿ ಕಾದು ಪ್ರಯೋಜನವಿಲ್ಲ. ಮಿತಿ ಸೊನ್ನೆಯಾಗುವ ಸಾಧ್ಯತೆ ಇದ್ದಲ್ಲೆಲ್ಲ ?ಡು ಬಳಸಿ.

ಉತ್ತರ ಬರುತ್ತದೆ, ಆದರೆ ತಪ್ಪು

ಬೇಸ್ ಕೆಟ್ಟಿದೆಯೇ ಎಂದು ಮೊದಲು ನೋಡಿ. ಬೇಸ್ @ . ಎಂದು ಕೇಳಿದರೆ ಯಾವ ಬೇಸ್‌ನಲ್ಲಿದ್ದರೂ 10 ಎಂದೇ ಬರುತ್ತದೆ, ಏಕೆಂದರೆ ಯಾವ ಸಂಖ್ಯಾಪದ್ಧತಿಯಲ್ಲೂ ಬೇಸ್ ತನ್ನನ್ನು ಬರೆದುಕೊಳ್ಳುವುದು 10 ಎಂದೇ. ಬೇಸ್ @ 1- . ಎಂದು ಕೇಳಿ. ದಶಮಾನದಲ್ಲಿ 9, ಎರಡರ ಪದ್ಧತಿಯಲ್ಲಿ 1, ಹದಿನಾರರ ಪದ್ಧತಿಯಾದ ಹೆಕ್ಸ್‌ನಲ್ಲಿ ಎಫ್ ಅಕ್ಷರ ಬರುತ್ತದೆ. ವಾಪಸ್ ಬರಲು 10 ಬೇಸ್ ! ಪ್ರಯೋಜನವಿಲ್ಲ, ಡೆಸಿಮಲ್ ಎಂದು ಒತ್ತಿ. ಇದಕ್ಕೆ ಸಾಮಾನ್ಯ ಕಾರಣ ವ್ಯಾಖ್ಯೆಯ ಒಳಗೆ ಹೆಕ್ಸ್ ಬರೆಯುವುದು. : ನೋಡು ಹೆಕ್ಸ್ 10 . ; ಎಂದರೆ ಹೆಕ್ಸ್ ನಡೆಯುವುದು ಪದ ಓಡುವಾಗ, ಕಂಪೈಲ್ ಆಗುವಾಗಲ್ಲ. 10 ದಶಮಾನದ ಹತ್ತಾಗಿಯೇ ಕೂತು, ಓಡಿದಾಗ ಎ ಎಂಬ ಅಕ್ಷರವಾಗಿ ಮುದ್ರಣವಾಗುತ್ತದೆ, ಆಮೇಲೆ ಇಡೀ ಟರ್ಮಿನಲ್ ಹೆಕ್ಸ್‌ನಲ್ಲೇ ಉಳಿಯುತ್ತದೆ. ಬೇಸ್ ಬದಲಿಸುವ ಪದ ಹಳೆಯ ಬೇಸ್ ಉಳಿಸಿಟ್ಟುಕೊಂಡು ಕೊನೆಗೆ ಮರಳಿಸಲೇಬೇಕು.

ವೇರಿಯಬಲ್ ಹೆಸರು ಕೊಡುವುದು ವಿಳಾಸವನ್ನು, ಬೆಲೆಯನ್ನಲ್ಲ. @ ಮರೆತರೆ ದೊಡ್ಡ ವಿಚಿತ್ರ ಸಂಖ್ಯೆ ಬರುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ವಿಳಾಸಕ್ಕೆ ಬೆಲೆ ಬರೆಯುವ ! ಬಳಸುವಾಗ ಬೆಲೆ ಮೊದಲು, ವಿಳಾಸ ಆಮೇಲೆ. 5 ಎಂಬ ಬೆಲೆ ಇಡಲು ಹೊರಟು ಇದನ್ನು ತಿರುಗಿಸಿದರೆ 5ನೆಯ ವಿಳಾಸಕ್ಕೆ ಬರೆಯಲು ಹೋಗುತ್ತದೆ. ಕಂಪ್ಯೂಟರ್‌ನಲ್ಲಿ -9 ಬಂದು ತಪ್ಪು ಸಿಕ್ಕಿಬೀಳುತ್ತದೆ. ಮೆಮೊರಿಗೆ ಕಾವಲಿಲ್ಲದ ಬೋರ್ಡ್‌ನಲ್ಲಿ ಇನ್ಯಾವುದೋ ಹಾಳಾಗಿ ಹತ್ತು ನಿಮಿಷ ಬಿಟ್ಟು ಗೊತ್ತಾಗುತ್ತದೆ. ಹಾರ್ಡ್‌ವೇರ್ ಮುಟ್ಟದ ಪದಗಳನ್ನೆಲ್ಲ ಮೊದಲು ಕಂಪ್ಯೂಟರ್‌ನ ಜಿಫೋರ್ತ್‌ನಲ್ಲಿ ಓಡಿಸಿ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಅಲ್ಲಿ ~~ ಎಂಬ ಪದವನ್ನು ವ್ಯಾಖ್ಯೆಯ ನಡುವೆ ಎಲ್ಲಿ ಬೇಕಾದರೂ ತುರುಕಬಹುದು, ಓಟ ಅಲ್ಲಿಗೆ ಬಂದಾಗಲೆಲ್ಲ ಫೈಲ್, ಸಾಲು, ಸ್ಟ್ಯಾಕ್ ಮೂರನ್ನೂ ತೋರಿಸುತ್ತದೆ.

ಕಂಪ್ಯೂಟರ್‌ನಲ್ಲಿ ಸರಿ, ಬೋರ್ಡ್‌ನಲ್ಲಿ ತಪ್ಪು ಎಂದಾದರೆ ಸೆಲ್ ಅಳತೆ ನೋಡಿ. 1 ಸೆಲ್ಸ್ . ಕೊಟ್ಟರೆ 64 ಬಿಟ್‌ನಲ್ಲಿ 8, 16 ಬಿಟ್‌ನಲ್ಲಿ 2. ಅರೇ ದಾಟುವಾಗ ಸೆಲ್ಸ್ ಬಳಸದೆ 8 ಎಂದೇ ಬರೆದಿದ್ದರೆ ಅಲ್ಲೇ ಕೆಟ್ಟಿದೆ. 16 ಬಿಟ್‌ನಲ್ಲಿ 32767ಕ್ಕೆ 1 ಕೂಡಿಸಿದರೆ -32768. 1000ವನ್ನು ಪೈಯಿಂದ ಗುಣಿಸಲು 1000 355 * 113 / ಎಂದು ಬರೆದರೆ ಕಂಪ್ಯೂಟರ್‌ನಲ್ಲಿ 3141 ಬರುತ್ತದೆ, 16 ಬಿಟ್ ಬೋರ್ಡ್‌ನಲ್ಲಿ 241. ನಡುವಿನ 355000 ಸೆಲ್‌ನಲ್ಲಿ ಹಿಡಿಯದೆ 27320 ಆಗಿಬಿಡುತ್ತದೆ. 1000 355 113 */ ಎಂದು ಬರೆದರೆ ನಡುವಿನ ಲೆಕ್ಕ ಎರಡು ಸೆಲ್‌ನಲ್ಲಿ ನಡೆದು ಎರಡೂ ಕಡೆ 3141 ಬರುತ್ತದೆ. ಋಣ ಸಂಖ್ಯೆಯ ಭಾಗಾಕಾರವೂ ಸಿಸ್ಟಮ್‌ನಿಂದ ಸಿಸ್ಟಮ್‌ಗೆ ಬೇರೆ: -7 2 / ಒಂದರಲ್ಲಿ -4, ಇನ್ನೊಂದರಲ್ಲಿ -3, ಸ್ಟ್ಯಾಂಡರ್ಡ್ ಎರಡನ್ನೂ ಒಪ್ಪುತ್ತದೆ. ಖಚಿತ ಬೇಕಿದ್ದರೆ ಎಫ್‌ಎಮ್/ಮಾಡ್ ಅಥವಾ ಎಸ್‌ಎಮ್/ರೆಮ್ ಬಳಸಿ.

ಇಷ್ಟಾದರೂ ಸಿಗದೆ ಬೇರೆಯವರನ್ನು ಕೇಳಬೇಕಾದಾಗ ಇಡೀ ಫೈಲ್ ಕಳಿಸುವುದಕ್ಕಿಂತ ಕೆಲವು ಸಾಲು ಬರೆದುಕೊಡಿ: ಸಿಸ್ಟಮ್‌ನ ಹೆಸರು ಮತ್ತು ಆವೃತ್ತಿ, 1 ಸೆಲ್ಸ್ . ಕೊಟ್ಟ ಉತ್ತರ, ತಪ್ಪು ಮಾಡುವ ಅತಿ ಚಿಕ್ಕ ಪದ ಮತ್ತು ಅದರ ಟಿಪ್ಪಣಿ, ಆ ಪದಕ್ಕೆ ಮುಂಚಿನ .ಎಸ್, ಆಮೇಲಿನ .ಎಸ್. ನನಗೆ ಬರುವ ಪ್ರಶ್ನೆಗಳಲ್ಲಿ ಎಷ್ಟೋ ಸಲ ಆ ಕೊನೆಯ ಎರಡು ಸಾಲು ಬರೆಯುವಷ್ಟರಲ್ಲೇ ಕೇಳಿದವರಿಗೆ ಉತ್ತರ ಸಿಕ್ಕಿರುತ್ತದೆ.